ಅವ್ವನ ಹೆಜ್ಜೆ ಕೇಳದ ಚಾವಣಿ

ಬೇಸ್‌ಮೆಂಟಿನಲ್ಲಿ ಸಂಗೀತ ಕೇಳಲಿಕ್ಕೆ, ಸಿನೆಮಾ ನೋಡಲಿಕ್ಕೆ ಅಂತ ಒಂದು ಕೋಣೆ ಮಾಡಿಸಬೇಕೆಂದು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಸ್ಪೀಕರು, ಪರದೆ, ಒಂದೆರಡು ಒಳ್ಳೆಯ ಕುರ್ಚಿ. ಚಾವಣಿಯ ಯೋಚನೆಯೇ ಇರಲಿಲ್ಲ. ಆರು ತಿಂಗಳೊಳಗೆ ಚಾವಣಿಯೊಂದನ್ನು ಬಿಟ್ಟು ಬೇರೇನೂ ಮಾತಾಡದವನಾದೆ. ಊಟಕ್ಕೆ ಬಂದ ಗೆಳೆಯರು ನಾನು ಬಾಯಿ ತೆರೆದ ಕೂಡಲೇ ತಟ್ಟೆ ನೋಡುತ್ತಿದ್ದರು. ಈಗ ನಿಮ್ಮನ್ನೂ ಸ್ವಲ್ಪ ಹೊತ್ತು ಆ ಚಾವಣಿಯ ಕೆಳಗೆ ಕೂರಿಸಬೇಕಾಗಿದೆ. ಅದರ ಮೇಲೆ ನಮ್ಮವ್ವ ನಡೆದಾಡುತ್ತಿದ್ದಳು ಅನ್ನುವುದೊಂದೇ ಅದಕ್ಕೆ ಕಾರಣ.

ಇಲ್ಲಿ ಓಹಾಯೋದಲ್ಲಿ ನಮ್ಮದು ಎಲ್ಲರ ಮನೆಯಂಥದೇ ಮನೆ. ನೆಲದೊಳಗೆ ಕಾಂಕ್ರೀಟಿನ ಗೋಡೆಗಳ ಬೇಸ್‌ಮೆಂಟು, ಅದರ ಮೇಲೆ ಪೂರ್ತಿ ಮರದ ಮನೆ. ಬೇಸ್‌ಮೆಂಟಿನಲ್ಲಿ ನಿಂತು ತಲೆಯೆತ್ತಿದರೆ ಮೇಲಿನ ಕೋಣೆಗಳ ನೆಲದ ಹೊಟ್ಟೆ ಕಾಣುತ್ತದೆ: ಹದಿನಾರು ಅಂಗುಲಕ್ಕೊಂದರಂತೆ ಮರದ ಅಡ್ಡಪಟ್ಟಿ, ಅವುಗಳ ಮೇಲೆ ಹಲಗೆ, ನಡುವೆ ವೈರು, ನೀರಿನ ಕೊಳವೆ, ಬಿಸಿಗಾಳಿಯ ತಗಡಿನ ಡಕ್ಟು. ಅವ್ವ ಮೊದಲ ಸಲ ಮೆಟ್ಟಿಲು ಹಿಡಿದುಕೊಂಡು ಕೆಳಗೆ ಬಂದವಳು ಮೇಲೆ ನೋಡಿ, “ಅಯ್ಯ, ಇಲ್ಲೂ ಜಂತೀನ ಏನು!” ಅಂದಳು. ಅಮೆರಿಕದ ಪುಸ್ತಕಗಳಲ್ಲೆಲ್ಲ ಓದಿದ್ದ ಆ ಅಡ್ಡಪಟ್ಟಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ನವಲಗುಂದದ ಕಡೆಯ ನಮ್ಮ ಮಾಳಿಗೆ ಮನೆಯಲ್ಲಿ ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಮಲಗಿದಾಗ ಜಂತಿ ಎಣಿಸಿಕೊಂಡೇ ನಾನು ಲೆಕ್ಕ ಕಲಿತದ್ದು.

ಮಾಳಿಗೆಯ ಮಣ್ಣಿಗಿರುವ ತೂಕ ಇಲ್ಲಿನ ಹಲಗೆಗೆ ಇಲ್ಲ. ಮೇಲೆ ಒಂದು ಚಮಚ ಬಿದ್ದರೂ ಕೆಳಗೆ ಕೇಳುತ್ತದೆ. ಮಂಡಿನೋವಿನ ಅವ್ವನಿಗೆ ಮಹಡಿ ಹತ್ತುವುದು ಬೇಡವೆಂದು ನೆಲಮಟ್ಟದ ಕೋಣೆ ಕೊಟ್ಟಿದ್ದೆವು. ಅದು ಸರಿಯಾಗಿ ನನ್ನ ಸಂಗೀತದ ಕೋಣೆಯ ನೆತ್ತಿಯ ಮೇಲಿತ್ತು.

ಚಾವಣಿಗೆ ಎರಡು ಕೆಲಸವಿದೆ. ಅವೆರಡನ್ನೂ ಒಂದೇ ಅಂದುಕೊಂಡು ಎಲ್ಲರೂ ಮೊದಲು ಎಡವುತ್ತಾರೆ, ನಾನೂ ಎಡವಿದೆ. ಕೋಣೆಯೊಳಗಿನ ಸದ್ದನ್ನು ಹದಗೊಳಿಸುವುದು ಒಂದು. ಸದ್ದು ಕೋಣೆಯಿಂದ ಕೋಣೆಗೆ ದಾಟದಂತೆ ತಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದದ್ದು ಹೀರುವ ವಸ್ತು: ಮೆತ್ತಗಿರುವ, ಗಾಳಿಯಾಡುವ, ನಾರಿನಂಥ ವಸ್ತು. ಎರಡನೆಯದಕ್ಕೆ ಬೇಕಾದದ್ದು ತೂಕ, ಬಿರುಕಿಲ್ಲದ ಮುಚ್ಚಿಗೆ ಮತ್ತು ಎರಡು ಪದರಗಳು ಒಂದಕ್ಕೊಂದು ತಾಗದಂತೆ ಬಿಟ್ಟ ಅಂತರ. ಮೊಟ್ಟೆಯ ಟ್ರೇ ಅಂಟಿಸಿದರೆ ಪಕ್ಕದ ಮನೆಗೆ ಸದ್ದು ಹೋಗುವುದಿಲ್ಲವೆಂದು ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರಲ್ಲ, ಆ ಟ್ರೇಗೆ ತಡೆಯುವಷ್ಟು ತೂಕವೂ ಇಲ್ಲ, ಚೆನ್ನಾಗಿ ಹೀರುವಷ್ಟು ದಪ್ಪವೂ ಇಲ್ಲ.

ಹೀರುವ ಕೆಲಸವನ್ನು ಮೊದಲು ಲೆಕ್ಕಕ್ಕೆ ತಂದವನು ಹಾರ್ವರ್ಡಿನ ವ್ಯಾಲೇಸ್ ಸೇಬಿನ್. 1895ರಲ್ಲಿ ಅವನಿಗೆ ಇಪ್ಪತ್ತೇಳು ವರ್ಷ. ವಿಶ್ವವಿದ್ಯಾಲಯದ ಹೊಸ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಸುತ್ತಾಡುತ್ತಿತ್ತು. ಒಂದು ವಾಕ್ಯದ ಬಾಲ ಮುಂದಿನ ವಾಕ್ಯದ ತಲೆಯ ಮೇಲೆ ಬೀಳುತ್ತಿತ್ತು. ಸರಿಪಡಿಸು ಅಂತ ಕಿರಿಯ ಅಧ್ಯಾಪಕನಾದ ಅವನಿಗೆ ಹೇಳಿದರು. ಊರು ಮಲಗಿದ ಮೇಲೆ ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಕುರ್ಚಿಯ ದಿಂಬುಗಳನ್ನು ಹೊರಿಸಿಕೊಂಡು ಬಂದು, ಒಂದೊಂದು ಸಲ ಒಂದಷ್ಟು ಹರವಿ, ಆರ್ಗನ್ನಿನ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ಸದ್ದು ಎಷ್ಟು ಹೊತ್ತಿಗೆ ಸಾಯುತ್ತದೆಂದು ಅಳೆದ. ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ಸು ಇಡಬೇಕು. ಹೀಗೆ ರಾತ್ರಿಗಟ್ಟಲೆ. ಕೊನೆಗೆ ಹೀರುವಿಕೆಯನ್ನು ಅಳೆಯಲು ಅವನು ಆರಿಸಿಕೊಂಡ ಮಾನ ತೆರೆದ ಕಿಟಕಿ. ತೆರೆದ ಕಿಟಕಿಗೆ ಹೋದ ಸದ್ದು ತಿರುಗಿ ಬರುವುದಿಲ್ಲ, ಅದಕ್ಕಿಂತ ಚೆನ್ನಾಗಿ ಹೀರುವ ಗೋಡೆ ಇಲ್ಲ. ಒಂದು ಚದರ ಅಡಿ ತೆರೆದ ಕಿಟಕಿ ಎಷ್ಟು ನುಂಗುತ್ತದೋ ಅದನ್ನೇ ಇವತ್ತಿಗೂ ಅವನ ಹೆಸರಿನಿಂದ ಒಂದು ಸೇಬಿನ್ ಅನ್ನುತ್ತಾರೆ. ಇದನ್ನು ಓದಿದ ದಿನ ನನಗೆ ಖುಷಿಯಾಗಿತ್ತು. ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಕೂತು ಕಿಟಕಿಗಳನ್ನು ಎಣಿಸಿ ಚಾವಣಿಗೆ ಅಂಟಿಸುವ ಕೆಲಸ ನನ್ನದು.

ನನ್ನ ಕೋಣೆಯ ಕಷ್ಟ ಅದರ ಎತ್ತರ. ಜಂತಿಯ ತಳಕ್ಕೆ ಏಳೂವರೆ ಅಡಿ, ಎಲ್ಲ ಮುಗಿದ ಮೇಲೆ ಏಳು ಕಾಲು. ಏಳಕ್ಕಿಂತ ಕೆಳಗಿಳಿಸಲು ಇಲ್ಲಿನ ಕಟ್ಟಡ ನಿಯಮ ಬಿಡುವುದಿಲ್ಲ. ಸ್ಪೀಕರಿನಿಂದ ಹತ್ತಡಿ ದೂರದಲ್ಲಿ ಕೂತರೆ ಸದ್ದು ನೇರವಾಗಿ ಕಿವಿಗೆ ಬರುತ್ತದೆ. ಅದರ ಹಿಂದೆಯೇ ಚಾವಣಿಗೆ ಬಡಿದ ಇನ್ನೊಂದು ಪ್ರತಿ ಬರುತ್ತದೆ, ಬರೀ ಎರಡೂವರೆ ಅಡಿ ಹೆಚ್ಚು ನಡೆದು, ಎರಡು ಮಿಲಿಸೆಕೆಂಡಿಗೆ ಚೂರು ಹೆಚ್ಚು ತಡವಾಗಿ. ಕಿವಿಗೆ ಅದು ಪ್ರತಿಧ್ವನಿ ಅನಿಸುವುದಿಲ್ಲ, ಆದರೆ ದನಿಯ ಬಣ್ಣ ಕೆಡುತ್ತದೆ, ಹಾಡುವವರು ಮುಖಕ್ಕೆ ಬಟ್ಟೆ ಹಿಡಿದುಕೊಂಡ ಹಾಗೆ. ಒಬ್ಬರು ಚಾವಣಿಗೆ ಕನ್ನಡಿ ಹಿಡಿದು ಸರಿಸುತ್ತ ಹೋಗಬೇಕು. ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರು ಎಲ್ಲಿ ಕಾಣುತ್ತದೋ ಅಲ್ಲಿ ನಾಲ್ಕು ಅಂಗುಲ ದಪ್ಪದ ನಾರಿನ ಪ್ಯಾನೆಲ್ಲು ಹಾಕಬೇಕು. ನನ್ನ ಮಗಳು ಕನ್ನಡಿ ಹಿಡಿದಳು. ಅವಳ ಕೈ ನೋಯುವವರೆಗೂ ಹಿಡಿಸಿದೆ.

ಕೆಳಸ್ವರಗಳಿಗೆ ಪ್ಯಾನೆಲ್ಲು ಸಾಲದು. ಏಳು ಕಾಲಡಿ ಎತ್ತರದ ಕೋಣೆ ನೆಲಕ್ಕೂ ಚಾವಣಿಗೂ ನಡುವೆ ಸೆಕೆಂಡಿಗೆ ಸುಮಾರು 78 ಕಂಪನಗಳಿಗೆ ತಾನೇ ಅನುರಣಿಸುತ್ತದೆ. ಕಪ್ಪು ಎರಡರ ಷಡ್ಜಕ್ಕೆ ಕೂಡಿಸಿದ ಗಂಡುದನಿಯ ತಂಬೂರಿಯ ಖರಜವೂ ಹೆಚ್ಚೂಕಡಿಮೆ ಅಷ್ಟೇ. ಆದರೆ ಆ ಅನುರಣನ ನೆಲದ ಹತ್ತಿರ, ಚಾವಣಿಯ ಹತ್ತಿರ ಗಟ್ಟಿ. ನಟ್ಟನಡುವೆ, ಕೂತವನ ಕಿವಿಯ ಮಟ್ಟದಲ್ಲಿ, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೂತರೆ ಖರಜ ಮಾಯ, ಎದ್ದು ನಿಂತರೆ ತುಂಬಿ ಬರುತ್ತದೆ. ದೊಡ್ಡವರು ಹಾಡುವಾಗ ಕಾಲು ಚಾಚಿ ಕೂರಬಾರದು ಎಂದು ಕೋಣೆಯೇ ಹೇಳಿಕೊಟ್ಟಂತಿತ್ತು. ಕುರ್ಚಿಯ ಕಾಲಿಗೆ ಮಣೆ ಕೊಟ್ಟು ಎತ್ತರಿಸಿ ಸ್ವಲ್ಪ ಗೆದ್ದೆ.

ಇನ್ನು ತಡೆಯುವ ಕೆಲಸ. ಇದನ್ನು ಬೇಗ ಹೇಳಿಬಿಡುತ್ತೇನೆ. ಜಂತಿಗಳ ನಡುವೆ ಮಿನರಲ್ ವುಲ್ ತುಂಬಿಸಿದೆ. ಜಂತಿಗೆ ರಬ್ಬರಿನ ಕ್ಲಿಪ್ಪು, ಕ್ಲಿಪ್ಪಿಗೆ ಲೋಹದ ಪಟ್ಟಿ, ಪಟ್ಟಿಗೆ ಎರಡು ಪದರ ಜಿಪ್ಸಮ್ ಹಲಗೆ. ಹಲಗೆ ಎಲ್ಲಿಯೂ ನೇರ ಮರಕ್ಕೆ ತಾಗುವಂತಿಲ್ಲ. ಒಂದೇ ಒಂದು ಉದ್ದದ ತಿರುಪು ಜಂತಿಗೆ ಕಚ್ಚಿತೆಂದರೆ ಸದ್ದು ಅದನ್ನೇ ಸೇತುವೆ ಮಾಡಿಕೊಂಡು ದಾಟುತ್ತದೆ. ತೂಕವನ್ನು ಇಮ್ಮಡಿ ಮಾಡಿದರೆ ಸಿಗುವ ತಡೆ ಹೆಚ್ಚೆಂದರೆ 6 ಡೆಸಿಬೆಲ್, ಕಿವಿಗೆ ಅರ್ಧ ಕಡಿಮೆಯಾಯಿತು ಅನಿಸಲೂ ಅಷ್ಟು ಸಾಲದು. ಅದಕ್ಕೇ ಅಂತರಕ್ಕೆ ಅಷ್ಟೊಂದು ಬೆಲೆ.

ಇದನ್ನೆಲ್ಲ ಯಾಕೆ ಮಾಡಿಸುತ್ತಿದ್ದೀ ಎಂದು ಕೇಳಿದವರಿಗೆ ನನ್ನ ಉತ್ತರ ಸಿದ್ಧವಿತ್ತು: “ಅವ್ವ ಬಂದಿದ್ದಾಳಲ್ಲ, ರಾತ್ರಿ ನಾನು ಹಾಡು ಕೇಳಿದರೆ ಅವಳ ನಿದ್ದೆ ಕೆಡಬಾರದು.” ಹೆಂಡತಿಗೂ ಅದನ್ನೇ ಹೇಳಿದೆ, ಕೆಲಸದವರಿಗೂ ಅದನ್ನೇ. ಸುಳ್ಳಲ್ಲ. ಆದರೆ ಒಂದು ದಿನ ಗುತ್ತಿಗೆದಾರನ ಜೊತೆ ಮಾತಾಡುವಾಗ ನನ್ನ ಬಾಯಿಂದ ಬಂದ ಪ್ರಶ್ನೆ ಬೇರೆ: ಮೇಲೆ ನಡೆಯುವ ಸದ್ದು ಪೂರ್ತಿ ನಿಲ್ಲುತ್ತದೆಯೇ? ಅವನು ಕೆಲಸ ನಿಲ್ಲಿಸಿ ನನ್ನನ್ನು ನೋಡಿದ. ಹೆಜ್ಜೆಯ ಸದ್ದು ಬೇಕಿಲ್ಲವಾದರೆ ಅದನ್ನು ಹುಟ್ಟುವ ಜಾಗದಲ್ಲೇ ಹಿಡಿಯುವುದು ಸುಲಭ, ಮೇಲಿನ ಕೋಣೆಗೆ ದಪ್ಪ ಕಾರ್ಪೆಟ್ಟು ಹಾಸು, ಇದರ ಕಾಲು ಭಾಗ ಖರ್ಚೂ ಇಲ್ಲ ಅಂದ. ನಾನು ಏನೋ ನೆಪ ಹೇಳಿದೆ. ಮೇಲಿನ ಮರದ ನೆಲ ಹೊಸದು, ದುಬಾರಿ, ಬಂದವರಿಗೆ ಕಾಣುವಂಥದು. ಅದಕ್ಕಿಂತ ದೊಡ್ಡ ಕಾರಣ, ಕಾರ್ಪೆಟ್ಟು ಹಾಸಬೇಕಾದರೆ ಅವ್ವನನ್ನು ಕೇಳಬೇಕು. ಕೇಳಬೇಕಾದರೆ, ನೀನು ರಾತ್ರಿ ನಡೆಯುವುದು ನನಗೆ ತೊಂದರೆಯಾಗುತ್ತದೆ ಎಂದು ಹೇಳಬೇಕು.

ಮಂಡಿ ಮಡಚಲಾಗದವರು ಹಿಮ್ಮಡಿ ಊರಿ ನಡೆಯುತ್ತಾರೆ. ಧಪ್, ಸ್ವಲ್ಪ ತಡೆದು ಇನ್ನೊಂದು ಧಪ್. ರಾತ್ರಿ ಹತ್ತೂವರೆಗೆ ಒಮ್ಮೆ, ಒಂದಕ್ಕೊಮ್ಮೆ, ಮೂರಕ್ಕೊಮ್ಮೆ. ನಾನು ಕಣ್ಣು ಮುಚ್ಚಿ ವಿಲಂಬಿತದಲ್ಲಿ ಮುಳುಗಿರುವಾಗ ಆ ಧಪ್ ತಾಳ ತಪ್ಪಿಸುತ್ತಿತ್ತು. ಸಿಟ್ಟು ಬರುತ್ತಿತ್ತು ಅಂತಲೇ ಹೇಳಬೇಕು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು. ನಾಚಿಕೆಗೆ ನಾನು ಕೊಟ್ಟ ಹೆಸರು ಅವ್ವನ ನಿದ್ದೆ. ಗಾಳಿಯಲ್ಲಿ ಬರುವ ಸದ್ದಿಗೆ ಚಾವಣಿ ಎರಡೂ ಕಡೆಯಿಂದ ಒಂದೇ; ನನ್ನ ಹಾಡು ಮೇಲೆ ಹೋಗದಂತೆ ಎಷ್ಟು ತಡೆಯುತ್ತದೋ ಅವಳ ದನಿ ಕೆಳಗೆ ಬರದಂತೆಯೂ ಅಷ್ಟೇ ತಡೆಯುತ್ತದೆ. ಅದು ನನಗೆ ಗೊತ್ತಿತ್ತು. ಚಿತ್ರ ಬರೆದು ಹೆಂಡತಿಗೆ ವಿವರಿಸಿಯೂ ಇದ್ದೆ. ಗೊತ್ತಿದ್ದದ್ದು ತಲೆಯಿಂದ ಕೆಳಗಿಳಿದಿರಲಿಲ್ಲ.

ಕೋಣೆ ಮುಗಿಯಿತು. ಸುಳ್ಳು ಯಾಕೆ ಹೇಳಲಿ, ಅದ್ಭುತವಾಗಿತ್ತು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಿಕೆಯೊಂದನ್ನು ಹಾಕಿದೆ. ಎಷ್ಟೋ ವರ್ಷ ಕೇಳಿದ್ದ ಹಾಡಿನಲ್ಲಿ ತಾನಿನ ನಡುವೆ ಅವರು ಉಸಿರೆಳೆದುಕೊಳ್ಳುವುದು ಅವತ್ತು ಮೊದಲ ಸಲ ಕೇಳಿತು. ಮೇಲಿನಿಂದ ಏನೂ ಇಲ್ಲ. ಸಾವಿರಾರು ಮೈಲಿ, ಹತ್ತಾರು ವರ್ಷ ಆಚೆಯವರ ಉಸಿರು ಬಂದು ಮುಟ್ಟುತ್ತಿತ್ತು.

ಅದಾಗಿ ಹದಿನೈದು ದಿನಕ್ಕಿರಬೇಕು. ಬೆಳಗ್ಗೆ ಚಹಾ ಸೋಸುವಾಗ ಅವ್ವ ಕೇಳಿದಳು, “ತಮ್ಮಾ, ಇಲ್ಲೆ ಹಲ್ಲಿ ಇರ್ತಾವೇನು?”

“ಇಲ್ಲವ್ವ. ಯಾಕ?”

“ರಾತ್ರಿ ಪೂರಾ ಒಂದ ಸವನ ಲೊಚ್ ಲೊಚ್ ಅನ್ನಾಕತ್ತಿತ್ತು. ಬ್ಯಾಟರಿ ಹಿಡಕೊಂಡು ಮೂಲಿ ಮೂಲಿ ಹುಡಿಕಿದೆ. ಸಿಗಲಿಲ್ಲ.”

ಅವಳ ಕೋಣೆಯ ಹೊರಗಿನ ಹೊಗೆ ಎಚ್ಚರಿಕೆಯ ಯಂತ್ರದ್ದು ಆ ಸದ್ದು. ಬ್ಯಾಟರಿ ಮುಗಿಯುತ್ತ ಬಂದರೆ ಅದು ಸುಮಾರು ನಿಮಿಷಕ್ಕೊಂದು ಸಲ ಚಿಕ್ ಅನ್ನುತ್ತದೆ. ನಾನು ನಕ್ಕೆ. ಅವ್ವ ನಗಲಿಲ್ಲ. ಆ ವಾರ ಅವಳ ಅಕ್ಕ, ನಮ್ಮ ದೊಡ್ಡವ್ವ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು. ಹಲ್ಲಿ ನುಡಿದರೆ ಆ ಹೊತ್ತಿಗೆ ಮನಸ್ಸಿನಲ್ಲಿ ಇದ್ದದ್ದು ಖರೆ ಆಗುತ್ತದೆಂದು ನಮ್ಮ ಕಡೆ ನಂಬಿಕೆ. ಕತ್ತಲಲ್ಲಿ ಒಬ್ಬಳೇ ಮಲಗಿದವಳಿಗೆ ಅಕ್ಕನ ಬಗ್ಗೆ ಕೆಟ್ಟ ಯೋಚನೆ ಬಂದಾಗಲೆಲ್ಲ ಮೇಲಿನಿಂದ ಲೊಚ್. ಯೋಚಿಸಬಾರದೆಂದರೂ ಯೋಚನೆ, ಅದರ ಹಿಂದೆಯೇ ಲೊಚ್. ಮೂರು ತಾಸು.

“ನನ್ನ ಕರೀಬೇಕಿಲ್ಲೋ.”

“ಕರದೆ. ಬಾಗಲದಾಗ ನಿಂತು ನಾಕ ಸಲ ಕರದೆ. ಪಾವಟಿಗಿ ಇಳಿಯಾಕ ಕತ್ತಲ. ಮ್ಯಾಲ ಹೋಗಿ ಸೊಸಿನ್ನ ಎಬ್ಬಸೂದು ಬ್ಯಾಡಾತು, ಮುಂಜಾನೆದ್ದು ಕೆಲಸಕ್ಕ ಹೋಗಾಕಿ.”

“ಕೇಳಿಸಲೇ ಇಲ್ಲವ್ವ.”

“ಹೌದಲ್ಲ,” ಅಂದಳು ಅವ್ವ, “ಕೇಳಬಾರದಂತನ ಅಲ್ಲೇನು ಮಾಡಿಸಿದ್ದು?”

ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ವಸ್ತು ಯಾವ ಕೆಲಸಕ್ಕೆ ಇದೆಯೋ ಆ ಕೆಲಸ ಮಾಡಿದೆ, ಅಷ್ಟೇ ಅವಳ ಮಾತು. ದೊಡ್ಡವ್ವ ಮುಂದಿನ ವಾರ ಚೇತರಿಸಿಕೊಂಡು ಮನೆಗೆ ಹೋದಳು. ಆ ರಾತ್ರಿಯಿಂದ ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೇಳಿಸದ್ದಕ್ಕೆ ಒಬ್ಬ ಮನುಷ್ಯ ಹೊಣೆಯೇ?

ಮೊದಲಿಗೆ ನಾನು ನನ್ನ ಪರವಾಗಿ ವಾದಿಸಿಕೊಂಡೆ, ಆ ವಾದ ಹಗುರವಾದದ್ದೇನೂ ಅಲ್ಲ. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ಕಿವಿಗೊಂದು ರೆಪ್ಪೆ ಬೇಕೆನ್ನುವುದು ತಪ್ಪಲ್ಲ. ಎಲ್ಲವೂ ಕೇಳಿಸುವಲ್ಲಿ ಏನೂ ಕೇಳಿಸುವುದಿಲ್ಲ. ಶಾಲೆಯಿಂದ ಪ್ರವಾಸಕ್ಕೆ ಹೋದವರೆಲ್ಲ ವಿಜಾಪುರದ ಗೋಲಗುಮ್ಮಟ ಹತ್ತಿರುತ್ತೀರಿ. ಜಗತ್ತು ಹೊಗಳುವ ಚಾವಣಿ ಅದು. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಅಷ್ಟಗಲದ ಗುಮ್ಮಟದ ಆಚೆ ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ ಎಂದು ಮಾಸ್ತರು ಹೇಳಿದ್ದರು. ನಾವು ಹೋದ ದಿನ ಅಲ್ಲಿ ಇನ್ನೂರು ಹುಡುಗರು ಒಟ್ಟಿಗೆ ಕೂಗುತ್ತಿದ್ದರು, ಪ್ರತಿ ಕೂಗು ಮತ್ತೆ ಮತ್ತೆ ಮರಳುತ್ತಿತ್ತು. ನನ್ನ ಗೆಳೆಯ ಆಚೆಯಿಂದ ಏನು ಪಿಸುಗುಟ್ಟಿದನೋ ಇವತ್ತಿಗೂ ಗೊತ್ತಿಲ್ಲ. ಏಕಾಂತವಿಲ್ಲದ ಕಡೆ ಓದು ಇಲ್ಲ, ಸಂಗೀತ ಇಲ್ಲ, ದೇವರೂ ಇಲ್ಲ. ಪೂಜೆಗೆ ಕೂತಾಗ ಅವ್ವನೂ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ.

ಮತ್ತೆ, ಹಳೆಯ ಮನೆಯ ಸದ್ದಿನ ಬಗ್ಗೆ ಹಾತೊರೆಯುವವನೂ ನಾನಲ್ಲ. ಕೂಡುಕುಟುಂಬದಲ್ಲಿ ಒಬ್ಬರಿಗೊಬ್ಬರು ಕಿವಿಯಾಗಿದ್ದರು ಅಂತ ಬರೆಯುವವರನ್ನು ಕಂಡರೆ ನನಗೆ ಸಂಶಯ. ನಮ್ಮ ಮಾಳಿಗೆ ಮನೆಯಲ್ಲಿ ಕೋಣೆಗಳ ನಡುವಿನ ಗೋಡೆ ಜಂತಿಯವರೆಗೆ ಮುಟ್ಟುತ್ತಿರಲಿಲ್ಲ. ಮೇಲೊಂದು ಗೇಣು ಸಂದಿ, ಅಡಿಗೆಮನೆಯ ಹೊಗೆ ಬೆಳಕಿಂಡಿಗೆ ಹೋಗಲಿ ಅಂತ. ಆ ಸಂದಿಯಿಂದ ಎಲ್ಲರದೂ ಎಲ್ಲರಿಗೂ ಕೇಳುತ್ತಿತ್ತು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಎಷ್ಟೋ ರಾತ್ರಿ ಅಳುತ್ತಿದ್ದಳು. ಅಳುವಿನ ಮೊದಲು ಕಾಕಾನ ದನಿ, ಆಮೇಲೆ ಇನ್ನೊಂದು ಸದ್ದು. ಅದು ಏನೆಂದು ಚಿಕ್ಕವನಾದ ನನಗೂ ಗೊತ್ತಿತ್ತು. ಹನ್ನೊಂದು ಜನ ಮಲಗಿದ್ದ ಮನೆ ಅದು. ಯಾರೂ ಏಳುತ್ತಿರಲಿಲ್ಲ. ಅಪ್ಪ ಕೆಮ್ಮುತ್ತಿದ್ದ, ಅಜ್ಜಿ ಶಿವಶಿವಾ ಅಂದು ಮಗ್ಗುಲು ಬದಲಿಸುತ್ತಿದ್ದಳು. ತಡೆಯಿಲ್ಲದ ಚಾವಣಿ ಇದ್ದ ಮಾತ್ರಕ್ಕೆ ಚಿಗವ್ವನಿಗೆ ಏನೂ ಸಿಗಲಿಲ್ಲ. ಅವಳಿಗೆ ಯಾರಿಗೂ ಕೇಳದ ಹಾಗೆ ಅಳುವುದಕ್ಕಾದರೂ ಒಂದು ಗಟ್ಟಿ ಗೋಡೆ ಬೇಕಿತ್ತು ಎಂದು ಈಗ ಅನಿಸುತ್ತದೆ.

ವಾದ ಇಲ್ಲಿಗೆ ಬಂದು ನನ್ನ ಕಡೆಗೇ ತಿರುಗಿತು. ಅಪ್ಪನ ಆ ಕೆಮ್ಮು ಯಾಕೆ? ಅಜ್ಜಿಯ ಶಿವಶಿವಾ ಯಾಕೆ? ಅವರಿಗೆ ಕೇಳಿಸಿತ್ತು, ಕೇಳಿಸಿದೆ ಎಂದು ಗೊತ್ತಿತ್ತು, ಏಳಲಿಲ್ಲ ಎಂದೂ ಗೊತ್ತಿತ್ತು. ಬೆಳಗ್ಗೆ ಚಿಗವ್ವನ ಮುಖ ನೋಡದೆ ರೊಟ್ಟಿ ತಿನ್ನುತ್ತಿದ್ದರು. ಅಪ್ಪ ಸಾಯುವ ವರ್ಷ, ಯಾರೂ ಕೇಳದೆಯೇ, “ಆವಾಗ ನಾ ಏಳಬೇಕಿತ್ತು” ಅಂದಿದ್ದ. ಯಾವಾಗ, ಯಾತಕ್ಕೆ ಎಂದು ನಾನು ಕೇಳಲಿಲ್ಲ. ನಲವತ್ತು ವರ್ಷ ಅವನು ಅದನ್ನು ಹೊತ್ತಿದ್ದ. ಕೆಟ್ಟದ್ದನ್ನು ಮಾಡಿದ್ದೇನೆ ಅನ್ನುವುದು ಅವನಿಗೆ ತಿಳಿದಿತ್ತು, ತಿಳಿದದ್ದರಿಂದ ಅದು ಅವನದೇ ಆಗಿ ಉಳಿದಿತ್ತು.

ನಾನು ದುಡ್ಡು ಕೊಟ್ಟು ಇಳಿಸಿಕೊಂಡದ್ದು ಆ ಹೊರೆಯನ್ನು. ಅವ್ವ ಕರೆದಳು, ನಾನು ಹೋಗಲಿಲ್ಲ. ಆದರೂ ನಾನು ಹೋಗದವನಲ್ಲ, ಯಾಕೆಂದರೆ ಕೇಳಿಸಿಲ್ಲ. ಆ ರಾತ್ರಿಯ ಮಟ್ಟಿಗೆ ನನ್ನ ಮೇಲೆ ತಪ್ಪು ಹೊರಿಸಲು ಯಾರಿಗೂ ಆಗುವುದಿಲ್ಲ. ಆ ರಾತ್ರಿಯ ತಪ್ಪನ್ನು ಆರು ತಿಂಗಳು ಮೊದಲೇ, ಹಗಲು ಹೊತ್ತಿನಲ್ಲಿ, ಅಳತೆ ತೆಗೆದು, ನಾನೇ ಮಾಡಿ ಮುಗಿಸಿದ್ದೆ. ಗುತ್ತಿಗೆದಾರ ಕಾರ್ಪೆಟ್ಟಿನ ಮಾತು ಎತ್ತಿದಾಗ ಒಂದು ಚಿಕ್ಕ ಬಾಗಿಲು ತೆರೆದಿತ್ತು. ಅವ್ವನ ಹತ್ತಿರ ಹೋಗಿ ಕೇಳಿಬಿಟ್ಟಿದ್ದರೆ ನಾವಿಬ್ಬರೂ ಒಂದು ಮಾತಾಡಬೇಕಾಗುತ್ತಿತ್ತು. ಅವಳಿಗೆ ಬೇಸರವಾಗುತ್ತಿತ್ತೋ ನಗುತ್ತಿದ್ದಳೋ. ಆ ಮಾತನ್ನು ತಪ್ಪಿಸಲಿಕ್ಕೆ ಎರಡು ಪದರ ಜಿಪ್ಸಮ್ ಹಲಗೆ ಹೊಡೆಸಿದೆ.

ಇಲ್ಲಿನ ಕಟ್ಟಡ ನಿಯಮದಲ್ಲಿ ಒಂದು ವಿಚಿತ್ರವಿದೆ. ಬೇಸ್‌ಮೆಂಟು ಕಟ್ಟಿಸುವಾಗ ಮನೆಯ ಹೊಗೆ ಎಚ್ಚರಿಕೆಯ ಯಂತ್ರಗಳನ್ನೆಲ್ಲ ಒಂದಕ್ಕೊಂದು ಜೋಡಿಸಬೇಕು. ಎಲ್ಲಿ ಹೊಗೆ ಕಂಡರೂ ಎಲ್ಲ ಕಡೆಯೂ ಕೂಗಬೇಕು. ನೀನು ಎಂಥ ಚಾವಣಿಯನ್ನಾದರೂ ಕಟ್ಟಿಕೋ, ಬೆಂಕಿ ಎನ್ನುವ ಮಾತು ಮಾತ್ರ ದಾಟಲೇಬೇಕು ಎಂದು ಊರು ಹೇಳುತ್ತದೆ. ನನ್ನ ಕೋಣೆಯಲ್ಲೂ ಒಂದು ಯಂತ್ರ ಇದೆ, ತನಿಖೆಗೆ ಬಂದವರು ಒತ್ತಿ ನೋಡಿ ಸಹಿ ಹಾಕಿ ಹೋಗಿದ್ದರು. ಆದರೆ ಬ್ಯಾಟರಿ ಮುಗಿದ ಯಂತ್ರ ತಾನೊಂದೇ ಚಿಕ್ ಅನ್ನುತ್ತದೆ, ಉಳಿದವಕ್ಕೆ ಹೇಳುವುದಿಲ್ಲ. ಮನೆ ಸುಡುವಂಥದ್ದಕ್ಕೆ ತಂತಿ ಎಳೆಯಬಹುದು. ಮುದುಕಿಯೊಬ್ಬಳಿಗೆ ರಾತ್ರಿ ಎರಡು ಗಂಟೆಗೆ ಅಕ್ಕನ ನೆನಪಾಗಿ ಹೆದರಿಕೆಯಾದದ್ದಕ್ಕೆ ಯಾವ ನಿಯಮ ತಂತಿ ಎಳೆಯುತ್ತದೆ?

ನಾನು ಒಂದು ತಂತಿಯಿಲ್ಲದ ಕರೆಗಂಟೆ ತಂದು ಗುಂಡಿಯನ್ನು ಅವಳ ದಿಂಬಿನ ಪಕ್ಕ ಅಂಟಿಸಿದೆ. ಒತ್ತಿದರೆ ಕೆಳಗೆ ನನ್ನ ಪಕ್ಕ ಬಾರಿಸುತ್ತದೆ. ಒಂದು ಸಲವೂ ಒತ್ತಲಿಲ್ಲ. ಯಾಕವ್ವ ಅಂದರೆ, “ಗಂಟಿ ಬಾರಿಸಿ ದೇವರನ್ನ ಕರೀತಾರಪ್ಪ, ಮಗನ್ನ ಯಾರು ಕರೀತಾರ?” ಅಂದಳು. ಕೊನೆಗೆ ಕಾರ್ಪೆಟ್ಟಿನ ಮಾತನ್ನೂ ಕೇಳಿದೆ, ಆರು ತಿಂಗಳು ತಡವಾಗಿ, ನಿನ್ನ ಹೆಜ್ಜೆ ನನಗೆ ಕೇಳುತ್ತಿತ್ತು, ಅದಕ್ಕೇ ಇದೆಲ್ಲ ಮಾಡಿಸಿದೆ ಎಂದೂ ಹೇಳಿ. ಅವ್ವ ಸ್ವಲ್ಪ ಹೊತ್ತು ಕೈಯಲ್ಲಿದ್ದ ಬತ್ತಿ ಹೊಸೆಯುತ್ತಲೇ ಇದ್ದಳು. ಆಮೇಲೆ, ಕಾರ್ಪೆಟ್ಟು ಬೇಡ, ಕಾಲಿಗೆ ನೆಲ ಹತ್ತದಿದ್ದರೆ ಬೀಳುತ್ತೇನೆ ಅಂದಳು. “ಮೊದಲ ಹೇಳಿದ್ರ ಸಾವಕಾಶ ನಡೀತಿದ್ದೆ,” ಅಂತಲೂ ಅಂದಳು.

ಈಗ ಕೋಣೆಯ ಬಾಗಿಲನ್ನು ಗೇಣಷ್ಟು ತೆರೆದಿಟ್ಟುಕೊಂಡು ಕೇಳುತ್ತೇನೆ, ಮೆಟ್ಟಿಲ ಮೇಲಿನ ಬಾಗಿಲನ್ನೂ. ಅಷ್ಟು ದುಡ್ಡು ಸುರಿದು ಮಾಡಿಸಿದ ತಡೆ ಆ ಗೇಣು ಸಂದಿಯಲ್ಲಿ ಸೋರಿಹೋಗುತ್ತದೆ. ಮೆಟ್ಟಿಲುಗುಂಟ ಡಿಶ್‌ವಾಶರಿನ ಸದ್ದು ಇಳಿದು ಬರುತ್ತದೆ, ಮನ್ಸೂರರ ಉಸಿರು ಮೊದಲಿನಷ್ಟು ಸ್ಪಷ್ಟ ಕೇಳುವುದಿಲ್ಲ. ಹೆಂಡತಿಗೆ ಮೇಲೆ ತಬಲಾದ ಡಗ್ಗಾ ಕೇಳಿ ರೇಗುತ್ತದೆ, ಅವಳದೂ ನ್ಯಾಯವೇ. ಕೆಲವು ರಾತ್ರಿ ಬಾಗಿಲು ಹಾಕಿಕೊಳ್ಳುತ್ತೇನೆ, ಕೆಲವು ರಾತ್ರಿ ತೆರೆದಿಡುತ್ತೇನೆ. ಅವ್ವ ಅಕ್ಟೋಬರಿನಲ್ಲಿ ಊರಿಗೆ ಹೋದಳು, ಮೇ ತಿಂಗಳಿಗೆ ಮತ್ತೆ ಬರುತ್ತಾಳೆ. ಬರುವಾಗ ರಬ್ಬರಿನ ಅಡಿಯ ಚಪ್ಪಲಿ ತರುತ್ತೇನೆ, ಹುಬ್ಬಳ್ಳಿಯಲ್ಲಿ ಮೆತ್ತನ್ನವು ಸಿಗುತ್ತವೆ ಅಂತ ಫೋನಿನಲ್ಲಿ ಹೇಳಿದಳು. ಬೇಡವ್ವ ಅಂದೆ. “ನಿನಗಲ್ಲೋ, ನನ್ನ ಕಾಲಿಗೆ,” ಅಂದಳು.